ಸೊಸೆಯ ಜೊತೆ ಬಂದ ಅತ್ತೆ

ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮುಂಬಯಿಗೆ ಬಂದು ಸಮಾಜಸೇವೆಯ ಡಿಪ್ಲೊಮಾ ಮಾಡಿಕೊಂಡ ನನಗೆ ಮೊದಲ ಕೆಲಸ ಸಿಕ್ಕಿದ್ದು ಸಾಂತಾಕ್ರೂಜಿನ ಒಂದು ಔಷಧಿ ಕಾರ್ಖಾನೆಯಲ್ಲಿ. ಪ್ಯಾಕಿಂಗ್ ವಿಭಾಗಕ್ಕೆ ಹೆಂಗಸರನ್ನು ಆರಿಸುವುದು, ಸೇರಿದ ಮೇಲೆ ಅವರ ಕಷ್ಟಸುಖ ವಿಚಾರಿಸುವುದು ನನ್ನ ಪಾಲಿನ ಕೆಲಸ. ಆಂಟಾಪ್ ಹಿಲ್‌ನ ಅಕ್ಕನ ಮನೆಯಿಂದ ದಾದರ್‌ವರೆಗೆ ಬಸ್ಸು, ಅಲ್ಲಿಂದ ಲೋಕಲ್. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ ಭಾವ ಪೇಪರಿನಿಂದ ತಲೆಯೆತ್ತಿ, “ಇವತ್ತು ಯಾರ ಹಣೆಬರಹ ಬರೀತೀಯಮ್ಮಾ?” ಎಂದು ಕೇಳುತ್ತಿದ್ದರು.

ಬರೆಯುವುದಿರಲಿ, ಬಂದವರ ಮಾತು ಅರ್ಥವಾದರೆ ಸಾಕಾಗಿತ್ತು. ಕೆಲಸಕ್ಕೆ ಸೇರಿದ ಮೇಲಷ್ಟೇ ಕಲಿಯತೊಡಗಿದ ನನ್ನ ಮರಾಠಿ ಆಗಿನ್ನೂ ಮೂರು ತಿಂಗಳ ಕೂಸು. ಅದಕ್ಕೇ ನಾನು ಮಾತಿನ ಬದಲು ಕೈಯ ಪರೀಕ್ಷೆಯೊಂದನ್ನು ಹೂಡಿದ್ದೆ: ಮೇಜಿನ ಮೇಲೆ ಇಪ್ಪತ್ತು ಖಾಲಿ ಶೀಷೆ, ಒಂದು ಬಟ್ಟಲು ಅಂಟು, ಒಂದು ಕಟ್ಟು ಲೇಬಲ್. ಲೇಬಲ್ಲು ಸೊಟ್ಟಗಾಗದಂತೆ ಬೇಗ ಅಂಟಿಸಿದವರಿಗೆ ಕೆಲಸ.

ಒಂದು ದಿನ ಹತ್ತೊಂಬತ್ತು ಇಪ್ಪತ್ತರ ಹುಡುಗಿಯೊಬ್ಬಳು ಬಂದಳು. ಹಿಂದೆಯೇ, ಕರೆಯದಿದ್ದರೂ, ಅವಳ ಅತ್ತೆ ಒಳಗೆ ಬಂದು ಗೋಡೆಗೊರಗಿ ನಿಂತಳು. ಬೊರಿವಲಿಯ ಚಾಳಿನಿಂದ ಬಂದವರು. ಸೊಸೆ ಕೆಲಸ ಮಾಡುವ ಜಾಗ ಎಂಥದ್ದೆಂದು ಕಣ್ಣಾರೆ ನೋಡಿಯೇ ಒಪ್ಪುವುದೆಂದು ಅತ್ತೆಯ ಹಟ. ನಾನು ಹುಡುಗಿಗೆ ಮರಾಠಿಯಲ್ಲಿ ಏನೋ ಕೇಳಿದೆ. ಅವಳು ಕಣ್ಣುಕಣ್ಣು ಬಿಟ್ಟಳು. ಗೋಡೆಯ ಕಡೆಯಿಂದ ಗೊಣಗಾಟ ಕೇಳಿಸಿತು.

“ಈಕಿಗೇ ನೆಟ್ಟಗ ಮರಾಠಿ ಬರೂದಿಲ್ಲ. ಈಕಿ ಏನ್ ಮಂದಿಗೆ ನೌಕರಿ ಕೊಡತಾಳೋ!”

ನನಗೆ ನಗು ತಡೆಯಲಾಗಲಿಲ್ಲ. “ಕನ್ನಡ ನೆಟ್ಟಗೇ ಬರುತ್ತೆ ಅಮ್ಮಾ, ಕೂತ್ಕೊಳ್ಳಿ” ಎಂದೆ.

ಆಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯ ನಮ್ಮವ್ವಾ! ಯಾ ಊರಾಕಿ ನೀ?”

“ಮೈಸೂರು.”

“ನಮ್ಮದು ನಿಪ್ಪಾಣಿ. ಅದು ಇದ ಮುಂಬೈ ರಾಜ್ಯದಾಗ ಐತಿ. ಹಂಗಾದ್ರ ಪರದೇಶದಾಕಿ ನೀನ!”

ರಾಜ್ಯಗಳ ಗಡಿ ಇನ್ನೂ ಬದಲಾಗಿರದ ದಿನಗಳವು. ಆಕೆಯ ಮಾತು ನಿಜವೇ ಆಗಿತ್ತು. ಸೊಸೆಯೂ ಆಗ ಮೊದಲ ಸಲ ನಕ್ಕಳು.

ಪರೀಕ್ಷೆ ಶುರುವಾಯಿತು. ಹುಡುಗಿ ನಾಲ್ಕು ಶೀಷೆ ಮುಗಿಸುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತು. ಅಂಟಿನ ಬಟ್ಟಲನ್ನು ದೂರ ಸರಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದಳು. ನಾನೂ ನೀರಿನ ಲೋಟ ಹಿಡಿದು ಹಿಂದೆ ಓಡಿದೆ. ನಲ್ಲಿಯ ಹತ್ತಿರ ಅವಳು ವಾಂತಿ ಮಾಡಿ, ಮುಖ ತೊಳೆದುಕೊಂಡು ಮೆಲ್ಲಗೆ ಹೇಳಿದಳು:

“ಅಕ್ಕಾರ, ನನಗ ಮೂರು ತಿಂಗಳು. ಮನ್ಯಾಗ ಯಾರಿಗೂ ಹೇಳಿಲ್ಲ. ಹೇಳಿದ್ರ ನೌಕರಿ ಬ್ಯಾಡ ಅಂತಾರ. ನನ್ನ ಗಂಡನ ಮಿಲ್ಲಿನಾಗ ಕೆಲಸ ಕಡಿಮಿ ಆಗೇತಿ, ನಾನೂ ದುಡಿಬೇಕು ಅಂತ ಬಂದೆ.”

“ಅತ್ತೆಗಾದರೂ ಹೇಳಬೇಕಮ್ಮಾ” ಎಂದು ಅವಳ ಕೈ ಹಿಡಿದು ಒಳಗೆ ಕರೆತಂದೆ.

ಅಲ್ಲಿ ಅತ್ತೆ ಸೊಸೆಯ ಕುರ್ಚಿಯಲ್ಲಿ ಕೂತಿದ್ದಳು. ಇಪ್ಪತ್ತು ಶೀಷೆಗಳೂ ಲೇಬಲ್ ಅಂಟಿಸಿಕೊಂಡು ಸಾಲಾಗಿ ನಿಂತಿದ್ದವು. ಒಂದೂ ಸೊಟ್ಟಗಿರಲಿಲ್ಲ. “ಅರ್ಧಕ್ಕ ಬಿಟ್ಟು ಹೋದ್ಲು, ನೋಡಲಿಕ್ಕೆ ಆಗಲಿಲ್ಲ, ಮುಗಿಸಿದೆ” ಎಂದಳು. ಹುಡುಗಿಯಾಗಿದ್ದಾಗಿನಿಂದ ಬೀಡಿ ಕಟ್ಟಿದ ಬೆರಳುಗಳು ಅವು ಎಂದು ಆಮೇಲೆ ತಿಳಿಯಿತು.

ಸೊಸೆ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಅತ್ತೆ ಎದ್ದು, ಅಂಟು ಮೆತ್ತಿದ ಎರಡೂ ಕೈಯಿಂದ ಸೊಸೆಯ ಮುಖ ಹಿಡಿದು, “ಹುಚ್ಚಿ! ಹೊಟ್ಟ್ಯಾಗ ಕೂಸು ಇಟಗೊಂಡು ಲೋಕಲ್‌ನಾಗ ನಿಂತು ಬಂದ್ಯಲ್ಲ!” ಎಂದು ಅಳುತ್ತ ನಗತೊಡಗಿದಳು. ಕೈ ತೆಗೆದಾಗ ಹುಡುಗಿಯ ಕೆನ್ನೆಯ ಮೇಲೆ ಕೆಮ್ಮಿನ ಔಷಧಿಯ ಲೇಬಲ್ಲೊಂದು ಅಂಟಿಕೊಂಡಿತ್ತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ಸದ್ದಿಗೆ ನಮ್ಮ ಮ್ಯಾನೇಜರ್, ವಯಸ್ಸಾದ ಪಾರ್ಸಿ ಸಾಹೇಬರು, ಪಕ್ಕದ ಕೋಣೆಯಿಂದ ಬಂದರು. ಶೀಷೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, “ಕಿಸ್ನೇ ಕಿಯಾ?” ಎಂದರು. ನಾನು ಅತ್ತೆಯತ್ತ ಕೈ ತೋರಿಸಿದೆ. ಕಾರ್ಖಾನೆಯ ನಿಯಮದಂತೆ ಮೂವತ್ತೈದು ದಾಟಿದ ಹೊಸಬರನ್ನು ತೆಗೆದುಕೊಳ್ಳುವಂತಿರಲಿಲ್ಲ. ಆಕೆಗೆ ನಲವತ್ತಾದರೂ ಆಗಿತ್ತು. ಇದ್ದದ್ದನ್ನು ಇದ್ದಂತೆಯೇ ಹೇಳಿ, “ಆದರೂ ಇವರನ್ನು ತೆಗೆದುಕೊಳ್ಳಬೇಕು, ಸರ್” ಎಂದೆ.

“ಆ ನಿಯಮ ಮಾಡಿದ್ದು ಯಾರು?”

“ನೀವೇ, ಸರ್.”

“ಹಾಗಿದ್ದರೆ ಮುರಿಯುವುದಕ್ಕೆ ಯಾರ ಅಪ್ಪಣೆ ಬೇಕು?” ಎಂದು ನಗುತ್ತ ಒಳಗೆ ಹೋದರು.

ಕೆಲಸ ನಿಮಗೇ ಎಂದಾಗ ಆಕೆ ನಂಬಲಿಲ್ಲ. ಸೊಸೆಯ ಮುಖ ನೋಡಿದಳು. “ನೀವು ಬರ್ರಿ ಅತ್ತಿ, ನಾ ಮನಿ ನೋಡ್ಕೋತೀನಿ” ಎಂದಳು ಸೊಸೆ. ನೇಮಕದ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹೇಳಿದರೆ ಮಾತ್ರ ಅತ್ತೆ ಒಪ್ಪಲಿಲ್ಲ. ಎಂಟು ದಿನ ಅವಕಾಶ ಕೇಳಿದಳು. ನಾಲ್ಕನೇ ಇಯತ್ತೆಯವರೆಗೆ ಓದಿದ್ದ ಸೊಸೆ ಅಷ್ಟು ದಿನದಲ್ಲಿ ಹೆಸರು ಬರೆಯಲು ಕಲಿಸಿದಳು. ನನ್ನ ಮೇಜಿನ ಮುಂದೆ ನಾಲಿಗೆ ಕಚ್ಚಿಕೊಂಡು ಆಕೆ ಕನ್ನಡದಲ್ಲಿ ಸಹಿ ಮಾಡಿದಾಗ, ಕೊನೆಯ ಅಕ್ಷರ ಗೆರೆಯಾಚೆ ಹೋಗಿತ್ತು. ಒಮ್ಮೆ ಅದನ್ನು ದಿಟ್ಟಿಸಿ, “ಇರಲಿ, ಕಾಗದ ಸಣ್ಣದೈತಿ” ಎಂದಳು.

ವರ್ಷ ತುಂಬುವ ಮೊದಲೇ ಹೊಸ ಹೆಂಗಸರಿಗೆ ಕೆಲಸ ಕಲಿಸುವಷ್ಟು ಪಳಗಿದಳು. ಊಟದ ಬಿಡುವಿನಲ್ಲಿ ನನಗೆ ಮರಾಠಿ ಕಲಿಸಿದವಳೂ ಅವಳೇ. ಸೊಸೆಗೆ ಹೆಣ್ಣು ಮಗುವಾದಾಗ ಒಂದು ಭಾನುವಾರ ಬೊರಿವಲಿಗೆ ಹೋದೆ. ಚಾಳಿನ ಹೆಂಗಸರೆಲ್ಲ ನನ್ನನ್ನು ನೋಡಲು ಸೇರಿದ್ದರು. ಊಟ ಮಾಡದೆ ಏಳಗೊಡಲಿಲ್ಲ. ಬಾಣಂತಿ ನಾಚುತ್ತ ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ಅದು ನನ್ನ ಕಿರುಬೆರಳು ಹಿಡಿದುಕೊಂಡು ನಿದ್ದೆ ಹೋಯಿತು. ನಾಲ್ಕು ಗಂಟೆಯ ಗಾಡಿಗೆ ಹೊರಡಬೇಕೆಂದಿದ್ದವಳು ಆರರ ಗಾಡಿಗೆ ಹೊರಟೆ.