ಊರೆಲ್ಲ ಒಗೆದ ಹಾಸುಗಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುವ ಆಕೆಯನ್ನು ಊರಿನವರೆಲ್ಲ ಕರೆಯುವುದು ಸೋಪಕ್ಕ ಎಂದು. ಐವತ್ತು ದಾಟಿದ ಗಟ್ಟಿ ಜೀವ. ಕೈ ಬಿಡುವಾಗಿ ಕೂರುವುದಿಲ್ಲ, ಬಾಯಿಗಂತೂ ಬಿಡುವೇ ಇಲ್ಲ. ಬೀದಿಯಲ್ಲಿ ಹೋಗುವಾಗ ಹಗ್ಗದ ಮೇಲೆ ಒಣಗುತ್ತಿರುವ ಬಟ್ಟೆ ನೋಡಿ, “ಈ ಮನೆಯವರಿಗೆ ಹಿಂಡೋಕೆ ಬರಲ್ಲ” ಎಂದು ತೀರ್ಪು ಕೊಟ್ಟೇ ಮುಂದೆ ಹೆಜ್ಜೆ ಇಡುತ್ತಾಳೆ.

ಊರು ಚಿಕ್ಕದು. ಇರುವುದೊಂದು ಆಸ್ಪತ್ರೆ, ಅದರ ಹಿಂಬದಿಗೆ ಒಂದು ಲಾಂಡ್ರಿ, ಲಾಂಡ್ರಿಯಲ್ಲಿ ಒಂದೇ ಒಂದು ದೊಡ್ಡ ಮೆಷಿನ್. ಆ ಮೆಷಿನ್ ಒಂದು ಬೆಳಿಗ್ಗೆ ಗರಗರ ಎಂದು, ಕೆಮ್ಮಿ, ನಿಂತೇಬಿಟ್ಟಿತು.

ಮೆಕ್ಯಾನಿಕ್ ಅದರ ಹೊಟ್ಟೆಯೊಳಗೆ ತಲೆ ತೂರಿಸಿ ನೋಡಿದ. “ಬೇರಿಂಗ್ ಹೋಗಿದೆ. ಇಲ್ಲಿ ಸಿಗಲ್ಲ, ದೊಡ್ಡ ನಗರದಿಂದ ಬರ್ಬೇಕು.”

“ಯಾವಾಗ ಬರುತ್ತೆ?”

“ಬಂದಾಗ!”

ಹಿರಿಯ ಸಿಸ್ಟರ್ ಕಪಾಟು ತೆರೆದು ನೋಡಿ ಮುಖ ಸಣ್ಣದು ಮಾಡಿಕೊಂಡರು. “ಹೆರಿಗೆ ವಾರ್ಡಿನ ಹಾಸು ಇವತ್ತಿಗಷ್ಟೇ ಸಾಕು, ಸೋಪಕ್ಕ. ನಾಳೆಯಿಂದ ವಾರ್ಡು ಮುಚ್ಚಿ, ಬಸುರಿಯರನ್ನೆಲ್ಲ ನಗರಕ್ಕೆ ಕಳಿಸ್ಬೇಕಾಗುತ್ತೆ.”

ಸೋಪಕ್ಕನ ಸೊಸೆಗೇ ದಿನ ತುಂಬಿತ್ತು. ನಗರದ ದಾರಿಯೋ ಅರ್ಧ ದಿನದ್ದು, ಮೈಯೆಲ್ಲ ಗುಂಡಿ.

ಸುದ್ದಿ ಕೇಳಿದ ಸೊಸೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಆ ದಾರೀಲಿ ಹೋದ್ರೆ ನಿಮ್ಮ ಮೊಮ್ಮಗು ಮಧ್ಯದಲ್ಲೇ ಇಳ್ಕೊಂಡುಬಿಡುತ್ತೆ ಅತ್ತೆ.” ನಕ್ಕಳು ನಿಜ, ಆದರೆ ಕೈ ಮಾತ್ರ ಹೊಟ್ಟೆಯಿಂದ ತೆಗೆಯಲಿಲ್ಲ.

ಸೋಪಕ್ಕ ನಗರದಲ್ಲಿದ್ದ ತಮ್ಮನಿಗೆ ಫೋನ್ ಹಚ್ಚಿದಳು. ಅವನೂ ಲಾಂಡ್ರಿಯವನೇ, ಆದರೆ ಭಾರಿ ಆಸ್ಪತ್ರೆಯ ಭಾರಿ ಲಾಂಡ್ರಿ.

“ಅದಕ್ಕೇ ಅಕ್ಕ ನಾನು ಹೇಳೋದು, ಸಣ್ಣ ಊರು ಅಂದ್ರೆ ಒಂದೇ ಕಾಲಿನ ಸ್ಟೂಲು. ನಮ್ಮಲ್ಲಿ ಒಂದು ಮೆಷಿನ್ ಕೆಟ್ರೆ ಇನ್ನೈದು ತಿರುಗ್ತಾ ಇರುತ್ತೆ.”

“ಜಂಬ ಆಮೇಲೆ ಕೊಚ್ಕೊಳೋ. ಬೇರಿಂಗ್ ಕಳಿಸ್ತೀಯೋ ಇಲ್ವೋ?”

“ಕಳಿಸ್ತೀನಿ ಮಹಾತಾಯಿ. ಆದ್ರೆ ಸ್ಟೋರಿನವನು ಹೂಂ ಅನ್ಬೇಕು, ಅವನ ಮೇಲಿನವರು ಹೂಂ ಅನ್ಬೇಕು, ಅವರ ಮೇಲಿನವರು...”

“ಸ್ಟೋರಿನವನನ್ನೇ ಹೋಗಿ ಕೇಳು.”

“ಅವನ್ಯಾರೋ ಏನೋ! ಅವನು ನೆಲಮಾಳಿಗೆ, ನಾನು ನಾಲ್ಕನೇ ಮಹಡಿ. ಇಷ್ಟು ವರ್ಷ ಆದ್ರೂ ಮುಖ ನೋಡಿಲ್ಲ.”

ಫೋನ್ ಇಟ್ಟ ಮೇಲೂ ಸೋಪಕ್ಕ ಗೊಣಗುತ್ತಲೇ ಇದ್ದಳು. ತಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಿಟ್ಟು ಬಂದದ್ದೇ ಅದಕ್ಕೆ. ಒಂದು ಕೆಟ್ಟರೆ ಇನ್ನೊಂದಿಲ್ಲದ ಊರು ಇದು. ಆದರೆ ಅವನಿಗೆ ಸ್ಟೋರಿನವನ ಮುಖ ಗೊತ್ತಿಲ್ಲ, ತನಗೆ ಗೊತ್ತಿಲ್ಲದ ಬಾಗಿಲು ಈ ಊರಲ್ಲಿ ಯಾವುದಿದೆ? ಸೋಂಕಿನ ರೋಗಿಗಳ ಬಟ್ಟೆಯನ್ನು ತನ್ನ ಕೈಗೇ ಉಳಿಸಿಕೊಂಡು, ಉಳಿದ ಹಾಸುಗಳನ್ನೆಲ್ಲ ತಳ್ಳುಗಾಡಿಗೆ ತುಂಬಿ ಬೀದಿಗಿಳಿದಳು.

ಮೊದಲ ಬಾಗಿಲು ಟೀಚರಮ್ಮನದು.

“ಅಯ್ಯೋ ಸೋಪಕ್ಕ, ನಮ್ಮನೆ ಬಟ್ಟೇನೇ ಒಗೆದಿಲ್ಲ!”

“ಗೊತ್ತು ಬಿಡಿ, ನಿಮ್ಮ ಹಗ್ಗ ಒಂದು ವಾರದಿಂದ ಖಾಲಿ ನೇತಾಡ್ತಿದೆ. ನಿಮ್ಮ ಅವಳಿಜವಳಿ ಹುಟ್ಟಿದಾಗ ಎಷ್ಟು ಹಾಸು ಹಾಳು ಮಾಡಿದ್ರಿ, ನೆನಪಿದ್ಯಾ? ನಾಲ್ಕೇ ಕೊಡ್ತೀನಿ. ಕುದಿಯೋ ನೀರಿಗೆ ಹಾಕಿ, ಬಿಸಿಲಿಗೆ ಒಣಗಿಸಿ, ಚೆನ್ನಾಗಿ ಕಾದ ಇಸ್ತ್ರಿ ಎಳೀಬೇಕು.”

ಟೀಚರಮ್ಮ ನಗುತ್ತ ಐದು ತೆಗೆದುಕೊಂಡರು. ಕ್ಷೌರದವನ ಹೆಂಡತಿ, ದಿನಸಿ ಅಂಗಡಿಯವನ ಅಮ್ಮ, ಟೈಲರ್... ಮಧ್ಯಾಹ್ನದೊಳಗೆ ಗಾಡಿ ಬರಿದಾಯಿತು. ಊರಿನ ಹಗ್ಗಗಳ ಮೇಲೆಲ್ಲ ಆಸ್ಪತ್ರೆ ಹಾರಾಡತೊಡಗಿತು.

ಸಂಜೆ ಹಾಸುಗಳು ಸೈಕಲ್ಲಿನ ಮೇಲೆ, ಬುಟ್ಟಿಯಲ್ಲಿ, ಮಗುವಿನ ತಳ್ಳುಗಾಡಿಯಲ್ಲಿ ಮೆರವಣಿಗೆ ಬಂದವು. ಸೋಪಕ್ಕ ಒಂದನ್ನು ಬಿಡಿಸಿದಳು. ಇನ್ನೊಂದನ್ನು ಬಿಡಿಸಿದಳು. ಆಮೇಲೆ ಒಂದೊಂದರ ಮೂಲೆಯನ್ನೂ ಹುಡುಕತೊಡಗಿದಳು.

ಪ್ರತಿ ಹಾಸಿನ ಮೂಲೆಯಲ್ಲೂ ಒಂದು ಬಣ್ಣದ ದಾರ ಇರುತ್ತಿತ್ತು. ಹೆರಿಗೆ ವಾರ್ಡಿಗೆ ಕೆಂಪು, ಗಂಡಸರ ವಾರ್ಡಿಗೆ ಹಸಿರು, ಮಕ್ಕಳ ವಾರ್ಡಿಗೆ ಹಳದಿ. ಒಂದು ವಾರ್ಡಿನದು ಇನ್ನೊಂದಕ್ಕೆ ಹೋದರೆ ಸಿಸ್ಟರುಗಳ ನಡುವೆ ಯುದ್ಧವೇ. ಈಗ ಒಂದರಲ್ಲೂ ದಾರವಿಲ್ಲ!

“ದಾರ ಎದ್ದಿತ್ತು ಸೋಪಕ್ಕ, ಕತ್ತರಿಸಿ ಚೆಂದ ಮಾಡಿದೀನಿ,” ಎಂದ ಟೈಲರ್, ಹೆಮ್ಮೆಯಿಂದ. ಮಿಕ್ಕ ಮನೆಗಳವರೂ ತಾವೂ ಹಾಗೇ ಮಾಡಿದ್ದಾಗಿ ತಲೆಯಾಡಿಸಿದರು. ಕೊಟ್ಟ ಬಟ್ಟೆಯನ್ನು ನೂಲು ಜೋತಾಡಿಸಿಕೊಂಡು ಹಿಂತಿರುಗಿಸುವ ಮನೆ ಆ ಊರಲ್ಲಿ ಒಂದೂ ಇರಲಿಲ್ಲ.

ಹಿರಿಯ ಸಿಸ್ಟರ್ ಓಡಿಬಂದರು. “ಈಗ ಯಾವುದು ಯಾರದು ಅಂತ ಹೇಗೆ ಗೊತ್ತಾಗ್ಬೇಕು?”

ಸೋಪಕ್ಕ ಮೇಜಿನ ಮೇಲಿನ ರಾಶಿಯನ್ನು ನೋಡಿದಳು. ಅವಳ ಭುಜದ ಎತ್ತರಕ್ಕಿತ್ತು. ಗಂಡಸರ ವಾರ್ಡಿನ ಅರ್ಧ ಮಂಚಗಳು ಸದಾ ಖಾಲಿ, ಅವರ ಹಾಸುಗಳು ಕಪಾಟಿನಲ್ಲಿ ಮಡಿಸಿಟ್ಟಲ್ಲೇ ಹಳದಿಗಟ್ಟುತ್ತಿದ್ದವು. ಕೊರತೆ ಇದ್ದದ್ದು ಕೆಂಪು ದಾರಕ್ಕೆ ಮಾತ್ರ. ಹಾಸುಗಳ ಕೊರತೆ ಯಾವತ್ತೂ ಇರಲಿಲ್ಲ.

“ಎಲ್ಲ ಕುದ್ದಿದ್ದೇ ತಾನೆ ಸಿಸ್ಟರ್? ಆ ಕಪಾಟಿನದ್ದನ್ನೂ ತಂದು ಇಲ್ಲೇ ಸುರೀರಿ. ಬೇಕಾದೋರು ಮೇಲಿಂದ ತಗೊಂಡು ಹೋಗ್ಲಿ.”

ಸಿಸ್ಟರ್ ರಾಶಿ ನೋಡಿದರು, ಆಮೇಲೆ ತಾವೇ ಹೋಗಿ ಗಂಡಸರ ವಾರ್ಡಿನ ಕಪಾಟು ತೆರೆದರು. ಹೆರಿಗೆ ವಾರ್ಡು ಮುಚ್ಚಲಿಲ್ಲ.

ಮರುದಿನವೂ ಊರು ಒಗೆಯಿತು. ಅದರ ಮರುದಿನ ಬೆಳಗಿನ ಬಸ್ಸಿನಿಂದ ತಮ್ಮನೇ ಇಳಿದ, ಕೈಯಲ್ಲಿ ಎರಡು ಭಾರದ ಪೊಟ್ಟಣ.

“ನೆಲಮಾಳಿಗೆಗೆ ನಾನೇ ಇಳಿದೆ ಅಕ್ಕ. ಒಳ್ಳೆ ಮನುಷ್ಯ ಕಣೇ ಆ ಸ್ಟೋರಿನವನು! ಅವನಿಗೂ ನಿನ್ನಂಥ ಒಬ್ಬಳು ಅಕ್ಕ ಇದಾಳಂತೆ, ಪಾಪ. ತಾನೇ ಮುಂದೆ ನಿಂತು ಎಲ್ಲರ ಹತ್ರ ಹೂಂ ಅನ್ನಿಸಿದ.”

“ಎರಡು ಯಾಕೋ ತಂದಿದ್ದು?”

“ಒಂದು ಹಾಕೋಕೆ, ಇನ್ನೊಂದು ಇಟ್ಕೊಳೋಕೆ. ಆಮೇಲೆ ಮತ್ತೆ ಊರಿಗೆಲ್ಲ ಇಸ್ತ್ರಿ ಹಿಡಿಸ್ಬೇಡ.”

ಸೋಪಕ್ಕ ಒಂದು ಪೊಟ್ಟಣವನ್ನು ಕಪಾಟಿನ ಮೇಲ್ಗಡೆ ಭದ್ರವಾಗಿ ಇಟ್ಟಳು.

ತಮ್ಮ ಮೆಷಿನ್ ಬಿಚ್ಚುತ್ತಿರುವಾಗಲೇ ರಾತ್ರಿ ಸೊಸೆ ಸೇರಿದ್ದ ಹೆರಿಗೆ ವಾರ್ಡಿನಿಂದ ಕರೆ ಬಂತು. ಸೋಪಕ್ಕ ಒದ್ದೆ ಕೈಯಲ್ಲೇ ಓಡಿದಳು. ಸೊಸೆ ಬೆವೆತು, ಸೋತು, ಕಿವಿಯವರೆಗೂ ನಗುತ್ತಿದ್ದಳು. ಪಕ್ಕದಲ್ಲಿ ಹೆಣ್ಣು ಕೂಸು. ಅದರ ಕೆಳಗಿನ ಹಾಸಿನ ನಟ್ಟನಡುವೆ ಪ್ಯಾಂಟಿಗೆ ಹಾಕುವಂಥ ಚೂಪಾದ ಇಸ್ತ್ರಿ ಗೆರೆ. ಯಾವುದೋ ಪೊಲೀಸಪ್ಪನ ಮನೆಯ ಇಸ್ತ್ರಿಯಿರಬೇಕು. ಕೂಸು ಗೆರೆ ದಾಟದೆ, ಒಂದು ಬದಿಗೆ ಶಿಸ್ತಾಗಿ ಮಲಗಿತ್ತು.