ಮುದ್ದಮ್ಮ ಹಿಡಿದಿಟ್ಟ ಜಾಗ

ಗಂಡಸಿ ಊರಿನ ಹೊನ್ನಯ್ಯ ತೀರಿಕೊಂಡು, ಅವನನ್ನು ಸ್ವಂತ ತೋಟದಲ್ಲೇ ಮಣ್ಣು ಮಾಡಿದ ದಿನ, ಹೆಂಡತಿ ಮುದ್ದಮ್ಮ ಸಮಾಧಿಯ ಎಡಕ್ಕೆ ಒಂದು ಕಲ್ಲು ಉರುಳಿಸಿಟ್ಟು, ಇದು ನಂದು ಎಂದಳು. ಅದು ತೊಂಬತ್ತೊಂದನೇ ಇಸವಿ. ಅವಳಿಗೆ ಆಗಲೇ ಎಪ್ಪತ್ತು ದಾಟಿತ್ತು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರು ಹತ್ತದೆ ಇರುತ್ತಾರೆಯೇ ಎಂದುಕೊಂಡ ಮಗ ದೇವರಾಜ್. ಮುದುಕಿ ಹದಿಮೂರು ವರ್ಷ ಹತ್ತಲಿಲ್ಲ.

ದೇವರಾಜ್ ಅರಸೀಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಫೈಲು ಜೋಡಿಸುವುದಿರಲಿ, ಬಟ್ಟೆ ಒಣಹಾಕುವುದಿರಲಿ, ಅವನಿಗೆ ಸಾಲು ನೇರವಾಗಿರಬೇಕು. ಭಾನುವಾರ ಊರಿಗೆ ಬಂದು ಬದುವಿನ ಮೇಲೆ ನಿಂತರೆ, ತೆಂಗಿನ ಸಾಲಿನ ನಡುವೆ ಆ ಖಾಲಿ ಜಾಗ, ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ, ಅವನನ್ನು ನೋಡಿ ನಗುತ್ತಿತ್ತು. ಅಲ್ಲೊಂದು ಸಸಿ ಇಡೋಣವೆಂದು ಬೇಡಿದ. ಹೆಂಡತಿ ಮೀನಾಕ್ಷಿಯ ಕೈಲಿ ಹೇಳಿಸಿದ. ಕೂಗಾಡಿದ.

ಮುದ್ದಮ್ಮ ಹುಟ್ಟಿದ್ದು ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ. ಮದುವೆಯಾಗಿ ಬಂದ ದಿನ ಗಂಡಸಿಯ ನೀರು ಬಾಯಿಗೆ ಹಾಕಿ ಹಿಂಡಿದ ಮುಖವನ್ನು ಆಮೇಲೆ ಸರಿಮಾಡಿಕೊಳ್ಳಲೇ ಇಲ್ಲ. ನೀರೆಂದರೆ ಹುಲಿಕೆರೆಯದು, ಇಲ್ಲಿಯದು ಎಮ್ಮೆ ಮೈ ತೊಳೆಯಲಷ್ಟೇ. ಆದರೂ ಕೂಲಿ ಮಾಡಿ, ಎಮ್ಮೆ ಕಟ್ಟಿ, ಹಾಲು ಮಾರಿ ಈ ತೋಟ ಮಾಡಿದವಳು ಅವಳೇ. ದೇವರಾಜ್ ಎಸ್ಸೆಸ್ಸೆಲ್ಸಿ ಮುಗಿಸಿದ್ದೂ ಅದೇ ಹಾಲಿನಲ್ಲಿ. ಹಾಗಾಗಿ ಅವಳೊಡನೆ ವಾದಕ್ಕೆ ನಿಂತರೆ ಮೂರನೇ ಮಾತಿಗೇ ಎಮ್ಮೆ ಬರುತ್ತಿತ್ತು. ಎಮ್ಮೆ ಬಂದ ಮೇಲೆ ದೇವರಾಜ್ ಚಪ್ಪಲಿ ಮೆಟ್ಟಿಕೊಂಡು ಅರಸೀಕೆರೆಯ ಬಸ್ಸಿಗೆ ಹೊರಡುತ್ತಿದ್ದ.

ಒಮ್ಮೆ ಅವಳು ನೆಂಟರ ಮದುವೆಗೆಂದು ಬೇಲೂರಿಗೆ ಹೋದದ್ದೇ ಸಮಯವೆಂದು, ದೇವರಾಜ್ ರಜಾ ಹಾಕಿ ಬಂದು, ಪಕ್ಕದ ತೋಟದ ಕೆಂಚಪ್ಪನನ್ನು ಕರೆದು ಆ ಜಾಗದಲ್ಲಿ ಸಸಿಗೆ ಗುಂಡಿ ತೆಗೆಸಿದ. ಆ ಮದುವೆಯ ಸಾರಿಗೆ ಉಪ್ಪು ಸಾಲದೆ ಹೋಗಬೇಕೆ! ಮುದುಕಿ ಮುನಿಸಿಕೊಂಡು ಒಂದು ದಿನ ಮೊದಲೇ ವಾಪಸಾದಳು. ನೇರ ತೋಟಕ್ಕೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಂಡಿಗಿಳಿದು ಕೂತಳು.

"ಎದ್ದೇಳವ್ವ, ಜನ ನೋಡ್ತಾರೆ."

"ನೋಡ್ಲಿ. ಹೆಂಗೂ ತೆಗ್ಸಿದ್ದೀಯ, ಮುಚ್ಚಿಬುಡ್ಲಾ. ಇನ್ನೊಂದ್ಸಲ ರಜಾ ಹಾಕೋದು ತಪ್ತದೆ."

ಕೆಂಚಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಆಚೆ ಹೋದ. ಮೀನಾಕ್ಷಿ ಅತ್ತೆಗೆ ಕಾಫಿಯನ್ನು ಗುಂಡಿಯೊಳಕ್ಕೇ ಕೊಟ್ಟಳು. ಕೊನೆಗೆ ದೇವರಾಜ್ ತಾನೇ ಗುಂಡಿ ಮುಚ್ಚಿದ, ಅವಳು ಎದ್ದ ಮೇಲೆ.

ಹೀಗೆ ಹತ್ತು ವರ್ಷ ಕಳೆದ ಮೇಲೆ, ಒಂದು ಭಾನುವಾರ ಬಂದು ನೋಡಿದರೆ ಅಲ್ಲಿ ತೆಂಗಿನ ಸಸಿ! ಮುದ್ದಮ್ಮ ಅದನ್ನು ಹುಲಿಕೆರೆಯ ತವರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಕೆಂಚಪ್ಪನ ಕೈಲಿ ನೆಡಿಸಿದ್ದಳು. ಅದೂ ಸಾಲಿಗೆ ಒಂದು ಮಾರು ಆಚೆ, ಹೊನ್ನಯ್ಯನ ಪಕ್ಕೆಗೆ ಅಂಟಿಕೊಂಡ ಹಾಗೆ. ದೇವರಾಜ್ ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು:

"ಸಾವು ನೋಡಿದ್ರೆ ಬತ್ತಾನೇ ಇಲ್ಲ. ಎಷ್ಟು ವರ್ಸ ಅಂತ ಭೂಮಿ ಬೀಳು ಬಿಡೋದು? ನಿಂಗಾದ್ರೂ ಬುದ್ಧಿ ಬ್ಯಾಡ್ವೇನ್ಲಾ?"

ಆ ರಾತ್ರಿ ದೇವರಾಜ್ ಊಟ ಮಾಡಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ, ಮಧ್ಯಾಹ್ನ ಮುದ್ದೆ ಉಂಡು, ಸಾರು ತೆಳ್ಳಗಾಯಿತೆಂದು ಮೀನಾಕ್ಷಿಯನ್ನು ಗದರಿ ಮಲಗಿದ ಮುದ್ದಮ್ಮ ಮತ್ತೆ ಏಳಲಿಲ್ಲ. ಆಗ ಸಸಿ ಎದೆಯುದ್ದ ಬೆಳೆದಿತ್ತು. ಹೆಂಡತಿ ಗಂಡನ ಎಡಕ್ಕೆ ಒತ್ತಿಕೊಂಡೇ ಇರಬೇಕು, ಸಸಿ ಕಿತ್ತು ಹಾಕಿ ಎಂದು ಅವಳ ಓರಗಿತ್ತಿ ರಂಗಮ್ಮ ಹಟ ಹಿಡಿದಳು. ಕೆಂಚಪ್ಪ ಗುದ್ದಲಿ ಹಿಡಿದು ದೇವರಾಜನ ಮುಖ ನೋಡಿದ. ಕೀಳಿಸಿದರೆ ಕಟ್ಟುಪಾಡೂ ಉಳಿಯುತ್ತಿತ್ತು, ಸಾಲೂ ನೇರವಾಗುತ್ತಿತ್ತು.

"ಗುಂಡಿ ಸಸಿಯಿಂದ ಆಚೆಗೆ ತೆಗಿ" ಎಂದ ದೇವರಾಜ್.

"ಗಂಡ ಹೆಂಡ್ತಿ ಮಧ್ಯೆ ಅದೇನಪ್ಪ ಅಡ್ಡ?" ಎಂದಳು ರಂಗಮ್ಮ.

"ಚಿಕ್ಕೋನಿದ್ದಾಗ ಇವರಿಬ್ಬರ ಮಧ್ಯೆ ನಾನೇ ಮಲಗ್ತಿದ್ದೆ, ಚಿಗವ್ವ. ಈಗ ಅದಿರ್ಲಿ."

ಸಾಲು ಇವತ್ತಿಗೂ ಸೊಟ್ಟಗಿದೆ. ನಾಲ್ಕು ವರ್ಷದ ಮೇಲೆ ಮರ ಮೊದಲ ಗೊನೆ ಬಿಟ್ಟಾಗ, ದೇವರಾಜ್ ಒಂದು ಎಳನೀರು ಕೆತ್ತಿಸಿಕೊಂಡು, ಅವ್ವನ ಕಲ್ಲಿನ ಪಕ್ಕದಲ್ಲಿ ಕೂತು, ನಿಧಾನವಾಗಿ ಕುಡಿದ. ಜೀವಮಾನವಿಡೀ ಕೇಳಿಸಿಕೊಂಡಿದ್ದ ಹುಲಿಕೆರೆಯ ರುಚಿ! ಗಂಡಸಿಯ ಎಳನೀರಿಗಿಂತ ಕೂದಲೆಳೆಯಷ್ಟೂ ಬೇರೆ ಇರಲಿಲ್ಲ. ಅವ್ವನ ವಿರುದ್ಧ ಅವನಿಗೆ ಸಿಕ್ಕ ಒಂದೇ ಒಂದು ಗಟ್ಟಿ ಸಾಕ್ಷಿ ಅದು. ಹೇಳಿ ಜಗಳ ತೆಗೆಯೋಣವೆಂದರೆ ಎದುರಿಗೆ ಅವಳೇ ಇರಲಿಲ್ಲ.