ಒಲೆಯ ಹಿಂದಿನ ಗೋಡೆ

ನಮ್ಮ ಮನೆಯವರು ಟೈಲ್ಸ್ ಮೇಸ್ತ್ರಿ. ಆದರೆ ಕೆಲಸದ ಕಡೆ ಎಲ್ಲರೂ ಕರೆಯುವುದು ಸುಣ್ಣದ ಮೇಸ್ತ್ರಿ ಎಂದೇ. ಅಡುಗೆಮನೆಗೆ ಟೈಲ್ಸ್ ಹಾಕಿಕೊಡಿ ಎಂದು ಕರೆದರೆ ಈ ಮಹಾಶಯರು ಬರುವುದು ಒಂದು ಬಕೆಟ್ ಸುಣ್ಣ ಹಿಡಿದುಕೊಂಡು. ಒಲೆಯ ಹಿಂದಿನ ಗೋಡೆಗೆ ಬೆಳ್ಳಗೆ ಬಳಿದು, "ಒಂದು ವಾರ ದಿನಾ ಮಾಡೋ ಹಾಗೇ ಅಡುಗೆ ಮಾಡಿ, ಗೋಡೆ ಮಾತ್ರ ಒರೆಸಬೇಡಿ, ಆಮೇಲೆ ಬರ್ತೀನಿ" ಎಂದು ಹೊರಟುಬಿಡುತ್ತಾರೆ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ!

ವಾರ ಕಳೆದು ಹೋದಾಗ ಅವರನ್ನು ನೋಡಬೇಕು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕಲೆಗಳನ್ನು ಹುಡುಕುತ್ತಾರೆ. ಎಣ್ಣೆ ಎಲ್ಲಿಯವರೆಗೆ ಹಾರಿದೆ, ನೀರು ಎಲ್ಲಿ ಬಡಿದಿದೆ, ಅರಿಶಿನದ ಹನಿ ಹೊಸ ಸುಣ್ಣಕ್ಕೆ ತಾಗಿ ಎಲ್ಲೆಲ್ಲಿ ಕೆಂಪಾಗಿದೆ, ಎಲ್ಲವೂ ಬೇಕು ಅವರಿಗೆ. ಕಲೆ ಮುಟ್ಟಿದಲ್ಲಿಯವರೆಗೆ ಟೈಲ್ಸ್ ಹೋಗಬೇಕು ಎನ್ನುವುದು ಅವರ ಲೆಕ್ಕ. "ಈ ಮನೇಲಿ ಯಾರೋ ಎಡಗೈಯವರು ಇದ್ದಾರೆ", "ಇಲ್ಲಿ ಹಾಲು ಇಟ್ಟು ಫೋನ್ ನೋಡ್ತಾ ನಿಲ್ತಾರೆ" ಎಂದು ದೊಡ್ಡ ಪತ್ತೇದಾರರ ಹಾಗೆ ಹೇಳುತ್ತಾರೆ. ಬಚ್ಚಲುಮನೆಯಲ್ಲೂ ಇದೇ ಕಥೆ. ಮನೆಯ ಯಜಮಾನರನ್ನೇ ಬೇಸಿನ್ ಮುಂದೆ ನಿಲ್ಲಿಸಿ ಮುಖ ತೊಳೆಸುತ್ತಾರೆ. ಗಂಭೀರ ಮುಖದ ಒಬ್ಬರು ಎಮ್ಮೆ ಕೆರೆಗಿಳಿದ ಹಾಗೆ ತೊಳೆದು ಕನ್ನಡಿಯ ಮೇಲಕ್ಕೂ ನೀರು ಹಾರಿಸಿದರಂತೆ. ಇವರು ಮನೆಗೆ ಬಂದು ಅದನ್ನು ಮಾಡಿ ತೋರಿಸಿದಾಗ ನಾನೂ ಅತ್ತೆಯೂ ಬಿದ್ದು ಬಿದ್ದು ನಕ್ಕೆವು.

"ಅಷ್ಟಕ್ಕೂ ಅಲ್ಲಿ ಟೈಲ್ಸ್ ಯಾಕ್ರೀ? ಚೆಂದಕ್ಕೆ ತಾನೆ?" ಎಂದು ಒಮ್ಮೆ ಕೆಣಕಿದೆ.

"ಚೆಂದ ಆಮೇಲೆ ಕಣೇ. ಗೋಡೆ ನೀರು ಕುಡಿಯುತ್ತೆ. ಕುಡಿದ್ರೆ ಗಾರೆ ಉಬ್ಬುತ್ತೆ, ಬೂಷ್ಟು ಹಿಡಿಯುತ್ತೆ, ಆಚೆ ಕೋಣೆಯ ಬಣ್ಣ ಏಳುತ್ತೆ. ಎಣ್ಣೆ ಕುಡಿದ್ರಂತೂ ಜನ್ಮದಲ್ಲಿ ಬಿಡಲ್ಲ. ಟೈಲ್ಸ್ ಇದ್ರೆ ಒಂದು ಒದ್ದೆ ಬಟ್ಟೆ ಸಾಕು. ಕಟ್ಟೆಗೂ ಗೋಡೆಗೂ ನಡುವಿನ ಸಂದು ಮುಚ್ಚಿದ್ರೆ ಜಿರಳೆಗೂ ಜಾಗ ಇರಲ್ಲ."

ಇಷ್ಟೆಲ್ಲ ಬಲ್ಲವರ ಮನೆಯ ಗೋಡೆ ಮಾತ್ರ ಬೋಳು. ದೀಪದ ಬುಡದಲ್ಲೇ ಕತ್ತಲೆ. ನಾನು ಬೈದು ಬೈದು ಗಂಟಲು ಒಣಗಿದ ಮೇಲೆ ಈ ಬೇಸಿಗೆಯಲ್ಲಿ ನಮ್ಮ ಗೋಡೆಗೂ ಸುಣ್ಣ ಬಂತು.

ನಮ್ಮಲ್ಲಿ ಅಡುಗೆ ಅತ್ತೆಯದು. ನಾನು ಬೆಳಗ್ಗೆ ಹೊಲಿಗೆ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೆ. ಒಲೆ ಅವರದು, ಸೌಟು ಅವರದು, ಉಪ್ಪಿನ ಡಬ್ಬಿ ಬೆರಳಷ್ಟು ಸರಿದರೂ ಅವರಿಗೆ ಗೊತ್ತಾಗುತ್ತದೆ. ಗಂಡ ತೀರಿಕೊಂಡ ಮೇಲೆ ಪರರ ಮನೆಗಳಲ್ಲಿ ಬೇಯಿಸಿ ಮಗನನ್ನು ಸಾಕಿದ ಕೈ ಅದು. ಸುಣ್ಣ ಬಳಿದ ದಿನ ಅವರು ಮುಖ ಗಂಟು ಹಾಕಿಕೊಂಡು, "ಏನೋ ಇದು, ಈ ವಯಸ್ಸಲ್ಲಿ ನನಗೂ ಪರೀಕ್ಷೆನಾ?" ಎಂದರು. ನಾವು ತಮಾಷೆ ಎಂದುಕೊಂಡು ನಕ್ಕು ಸುಮ್ಮನಾದೆವು.

ವಾರ ಕಳೆದು ರಜೆಯ ದಿನ ನಮ್ಮ ಮನೆಯವರು ಗೋಡೆಯ ಮುಂದೆ ನಿಂತರು.

"ಇಲ್ಲಿ ಬಾರೇ. ಒರೆಸಬೇಡಿ ಅಂದಿದ್ದೆ. ಯಾರು ಒರೆಸಿದ್ದು?"

"ನನ್ನ ಮೇಲೆ ಯಾಕ್ರೀ ಹಾರ್ತೀರಿ? ನಾನು ಮನೇಲಿ ಇರ್ತೀನಾ?" ಎಂದು ರೇಗುತ್ತಲೇ ಹೋದೆ.

ಗೋಡೆಯ ಕೆಳಗಿನ ಭಾಗದಲ್ಲಿ ಸುಣ್ಣವೇ ಇಲ್ಲ, ಉಜ್ಜಿ ಉಜ್ಜಿ ಗಾರೆ ಕಾಣುತ್ತಿತ್ತು. ಅದಕ್ಕಿಂತ ಎತ್ತರದಲ್ಲಿ ಮಾತ್ರ ಕೆಂಪು ಹನಿಗಳು. ಪಾತ್ರೆಯ ನೇರಕ್ಕಷ್ಟೇ ಅಲ್ಲ, ಎಡಕ್ಕೆ, ಬಲಕ್ಕೆ, ಒಲೆಯೇ ಇಲ್ಲದ ಮೂಲೆಯವರೆಗೂ ಹಾರಿದ್ದವು.

"ಅಮ್ಮನ ಕೈ ಎಟುಕೋದು ಇಲ್ಲೀವರೆಗೇ," ಎಂದರು ಮೆಲ್ಲಗೆ. "ಇಷ್ಟು ಅಗಲಕ್ಕೆ ಹಾರಬೇಕಾದ್ರೆ ಸೌಟು ಹಿಡಿದ ಕೈ ನಡುಗ್ತಿರಬೇಕು."

ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ, ಕೈಯಲ್ಲಿ ಒದ್ದೆ ಬಟ್ಟೆ.

"ಹೌದು ಕಣೋ, ನಾನೇ ಒರೆಸಿದ್ದು. ಕೈ ನಡುಗುತ್ತೆ. ಈಗೇನು, ಒಲೆ ಬಿಡಿಸ್ತೀಯಾ? ನಿನ್ನ ದೊಡ್ಡಮ್ಮನಿಗೂ ಅವಳ ಮಕ್ಕಳು ಹಾಗೇ ಮಾಡಿದ್ರು. ಸುಮ್ನೆ ಕೂತ್ಕೋ ಅಮ್ಮಾ, ಇಷ್ಟು ದಿನ ದುಡಿದಿದ್ದು ಸಾಕು ಅಂದ್ರು. ಕೂತವಳು ಮತ್ತೆ ಏಳಲೇ ಇಲ್ಲ. ನನ್ನ ಕೂರಿಸಬೇಡ್ವೋ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕುದಿಯುವ ಎಣ್ಣೆ ಮೈಮೇಲೆ ಬಿದ್ದಿದ್ದರೆ ಗತಿಯೇನು? ಅಷ್ಟು ಭಯವನ್ನು ಒಬ್ಬರೇ ನುಂಗಿಕೊಂಡು ದಿನವೂ ಗೋಡೆ ಉಜ್ಜುತ್ತಿದ್ದರಲ್ಲ!

"ನನಗಾದ್ರೂ ಹೇಳಬಾರದಿತ್ತಾ ಅತ್ತೆ? ನಾನೇನು ಹುಲಿನಾ ಕರಡಿನಾ? ನಾಳೆನೇ ಡಾಕ್ಟರ್ ಹತ್ರ ಹೋಗೋಣ. ಇವತ್ತಿಂದ ಎಣ್ಣೆ ಬಾಣಲೆ, ಬಿಸಿನೀರಿನ ಪಾತ್ರೆ ನೀವು ಮುಟ್ಟೋ ಹಾಗಿಲ್ಲ. ಆ ಕೆಲಸ ಎಲ್ಲ ನಾನು ಬೆಳಗ್ಗೇನೇ ಮುಗಿಸಿ ಹೋಗ್ತೀನಿ. ಮಿಕ್ಕಿದ್ದು ನಿಮ್ಮದೇ," ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅತ್ತೆ ಮಗನ ಮುಖವನ್ನೇ ನೋಡುತ್ತಿದ್ದರು. ನಮ್ಮ ಮನೆಯವರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡರು.

"ಅಮ್ಮಾ, ಇಲ್ಲಿ ಬಾ. ಕೈ ಎತ್ತು, ಎಲ್ಲೀವರೆಗೆ ಎಟುಕುತ್ತೆ ನೋಡೋಣ."

ಅತ್ತೆ ಕಟ್ಟೆಗೆ ಒರಗಿ ನಿಂತು ಕೈ ಎತ್ತಿದರು. ಬೆರಳುಗಳು ಗೋಡೆಯ ಮೇಲೆ ಅದುರುತ್ತಿದ್ದವು. ನಮ್ಮವರು ಬೆರಳ ತುದಿಗೆ ಸರಿಯಾಗಿ ಒಂದು ಗೆರೆ ಎಳೆದರು.

"ಟೈಲ್ಸ್ ಸೂರಿನವರೆಗೂ ಹಾಕ್ತೀನಿ, ಆ ಮೂಲೇನೂ ಸೇರಿಸಿ. ಈ ಗೆರೆಯಿಂದ ಕೆಳಗೆ ಒರೆಸೋದು ನಿಂದು. ಮೇಲಿಂದು ನಮ್ಮದು. ಚೆಲ್ಲಿದ್ರೆ ಚೆಲ್ಲಲಿ, ಒಲೆ ಯಾರೂ ಬಿಡಿಸಲ್ಲ."

ಅತ್ತೆ ಕೈ ಇಳಿಸಲಿಲ್ಲ. ತುದಿಗಾಲಿನ ಮೇಲೆ ನಿಂತು, ಗೆರೆಯಿಂದ ಎರಡು ಬೆರಳು ಮೇಲಕ್ಕೆ ಮುಟ್ಟಿ, "ಗೆರೆ ಇಲ್ಲಿಗೆ ಹಾಕೋ," ಎಂದರು, "ನಾನಿನ್ನೂ ಅಷ್ಟು ಕುಳ್ಳಿ ಆಗಿಲ್ಲ."